ಪೆಟ್ರೋಲಿನ ಸಬಕಾರ, ಚಾಚಾನ ಸಹಿ

ಚಾಚಾನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಪೆಟ್ರೋಲಿನಲ್ಲಿ ಅದ್ದಿ ತೆಗೆದ ಬೆರಳುಗಳವು. ತುದಿಯ ಚರ್ಮ ಬೆಳ್ಳಗಾಗಿ, ಒಣಗಿ, ನೆನೆಹಾಕಿದ ಕಡಲೆಯ ಸಿಪ್ಪೆಯ ಹಾಗೆ ಏಳುತ್ತಿತ್ತು. ರೇಶನ್ ಅಂಗಡಿಗೆ ಬೆರಳೊತ್ತುವ ಯಂತ್ರ ಬಂದಾಗ ಅವರು ಹತ್ತೂ ಬೆರಳು ಒತ್ತಿ ನೋಡಿದರು, ಹತ್ತಕ್ಕೂ ಕೆಂಪು ದೀಪವೇ ಹತ್ತಿತು, ಕಡೆಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಅಕ್ಕಿ ತಂದರು. ಮರುದಿನ ಪಂಪಿಗೆ ಬಂದು ಎರಡೂ ಅಂಗೈ ನನ್ನ ಮುಂದೆ ಹಿಡಿದು, "ಸರಕಾರದ ಪಾಲಿಗೆ ನಾ ಇನ್ನೂ ಹುಟ್ಟೇ ಇಲ್ಲ ನೋಡ ಬೇಟಿ," ಎಂದು ನಕ್ಕರು.

ಅವರು ನಮ್ಮ ಪೆಟ್ರೋಲ್ ಪಂಪಿನ ಮ್ಯಾನೇಜರು. ಹಾವೇರಿ, ರಾಣೆಬೆನ್ನೂರುಗಳ ನಡುವಿನ ಹೆದ್ದಾರಿಯ ಮಗ್ಗುಲಿಗೆ, ಬ್ಯಾಡಗಿಗೆ ಹೊರಳುವ ದಾರಿಗೆ ಹತ್ತಿರವಿದ್ದ ಪಂಪು ಅದು. ಅವರ ಮನೆ ರಾಣೆಬೆನ್ನೂರಿನಲ್ಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಇಳಿಯುತ್ತಿದ್ದರು. ಮಾಲಕರಿಂದ ಹಿಡಿದು ಲಾರಿ ಡ್ರೈವರುಗಳವರೆಗೆ ಎಲ್ಲರಿಗೂ ಅವರು ಚಾಚಾನೇ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ.

ನಾನು ಅಲ್ಲಿಗೆ ಸೇರಿದ್ದು ಗಂಡನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಬ್ಯಾಡಗಿಯ ತವರಿಗೆ ಬಂದ ವರ್ಷ. ಅಣ್ಣ ಏನೂ ಅನ್ನಲಿಲ್ಲ. ಅತ್ತಿಗೆ ಅನ್ನಬೇಕಾದದ್ದನ್ನೆಲ್ಲ ಪಾತ್ರೆಗಳ ಸಪ್ಪಳದಲ್ಲೇ ಅನ್ನುತ್ತಿದ್ದಳು. ಅರ್ಧಕ್ಕೆ ನಿಂತ ಬಿ.ಎಸ್ಸಿ. ಹಿಡಿದುಕೊಂಡು ಪಂಪಿನ ಕಾರಕೂನಿ ಕೆಲಸ ಕೇಳಲು ಹೋದೆ. ಮಾಲಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣಮಕ್ಕಳು ಈ ವಾಸನಿ ತಡಕೊಳ್ಳಾಂಗಿಲ್ಲ, ವಾರದಾಗ ಬಿಟ್ಟು ಹೋಗತಾರ," ಎಂದರು. ಮೂಲೆಯಲ್ಲಿ ನಿಂತಿದ್ದ ಚಾಚಾ, "ಬ್ಯಾಡಗಿ ಮೆಣಸಿನಕಾಯಿ ಘಾಟಿನಾಗ ಬೆಳದಾಕಿ ಅದಾಳ್ರಿ. ಪೆಟ್ರೋಲ್ ಏನ ಮಾಡತೈತ್ರಿ ಅಕಿಗೆ?" ಎಂದರು. ನನ್ನ ಕೆಲಸ ಗಟ್ಟಿಯಾದದ್ದು ಆ ಮಾತಿನಿಂದ. ಮೊದಲ ದಿನ ನನ್ನನ್ನು ಬೇಕೆಂದೇ "ಮೇಡಂ, ಮೇಡಂ" ಎಂದು ಕರೆದು ನಾಚಿಸಿದರು. ಮೂರನೆಯ ದಿನಕ್ಕೆ ನಾನು ಬೇಟಿ ಆಗಿದ್ದೆ.

ದಿನಾ ಬೆಳಿಗ್ಗೆ ಪಂಪು ಶುರುವಾಗುವ ಮೊದಲು ಅವರು ಗಾಜಿನ ಉದ್ದನೆಯ ಜಾಡಿಯಲ್ಲಿ ಪೆಟ್ರೋಲ್ ಹಿಡಿದು, ಅದರಲ್ಲಿ ತೇಲುವ ಗಾಜಿನ ಕಡ್ಡಿ ಬಿಟ್ಟು, ಒಂದು ಕಣ್ಣು ಮುಚ್ಚಿ ಡೆನ್ಸಿಟಿ, ಅಂದರೆ ಪೆಟ್ರೋಲಿನ ಸಾಂದ್ರತೆ, ನೋಡುತ್ತಿದ್ದರು. ಕಡ್ಡಿ ಅಲ್ಲಾಡುವುದು ನಿಲ್ಲುವತನಕ ಯಾರೂ ಮಾತಾಡಬಾರದು. ಅಂಕಿ ಬೋರ್ಡಿನ ಮೇಲೆ ಬರೆದಾದ ಮೇಲೆಯೇ ಅರ್ಧ ಕಪ್ಪು ಚಹಾ. ಪೂರ್ತಿ ಕಪ್ಪು ಯಾವತ್ತೂ ಕುಡಿಯಲಿಲ್ಲ. ಉಳಿದರ್ಧ ಎಲ್ಲಿಗೆ ಎಂದು ನಾನು ಕಾಡಿಸಿದರೆ, "ಮನ್ಯಾಗ ನಿಮ್ಮ ಚಾಚಿ ಕೈಯಾಂದ ಐತಿ," ಎನ್ನುತ್ತಿದ್ದರು.

ಆಗ ನಮ್ಮಲ್ಲಿ ಎರಡು ಬಗೆಯ ಪೆಟ್ರೋಲ್ ಇತ್ತು. ಒಂದು ಸಾದಾ. ಇನ್ನೊಂದು, ಎಂಜಿನ್ನಿನ ಒಳಗೆ ಕೂಡುವ ಮಸಿ, ಜಿಡ್ಡನ್ನು ತೊಳೆಯುವ ಔಷಧ ಬೆರೆಸಿದ್ದು. ಈಗ ಅದು ಡಿಪೋದಲ್ಲೇ ಬೆರೆತು ಬರುತ್ತದೆ. ಆಗ ನಮ್ಮ ಪಂಪಿಗೆ ಔಷಧ ಬೇರೆ ಡಬ್ಬಿಗಳಲ್ಲಿ ಬರುತ್ತಿತ್ತು. ಟ್ಯಾಂಕರ್ ಬಂದಾಗ ಮೊದಲು ಡಬ್ಬಿಯ ಸೀಲು ಒಡೆದು ನೆಲದಡಿಯ ಟ್ಯಾಂಕಿಗೆ ಔಷಧ ಸುರಿಯಬೇಕು. ಅದರ ಮೇಲೆ ಪೆಟ್ರೋಲ್ ಬಿದ್ದರೆ ತಾನಾಗಿಯೇ ಬೆರೆಯುತ್ತದೆ. ಎಷ್ಟು ಪೆಟ್ರೋಲಿಗೆ ಎಷ್ಟು ಔಷಧ, ಯಾವಾಗ ಸುರಿಯಬೇಕು, ಯಾರು ಬರೆದಿಡಬೇಕು, ಯಾರು ಸಹಿ ಮಾಡಬೇಕು ಎಂಬ ಸರಕಾರದ ನಿಯಮಗಳ ಹಾಳೆ ಆಫೀಸಿನ ಗೋಡೆಗೆ ಅಂಟಿಸಿತ್ತು. ನಮ್ಮ ಪೈಕಿ ಅದನ್ನು ಪೂರ್ತಿ ಓದಿದವರು ಚಾಚಾ ಒಬ್ಬರೇ.

ಔಷಧಕ್ಕೆ ಅವರು ಇಟ್ಟ ಹೆಸರು ಸಬಕಾರ, ಅಂದರೆ ಸೋಪು. ಅವರ ಟೇಬಲ್ಲಿನ ಖಾನೆಯಲ್ಲಿ ಹಳೆಯ ಎಂಜಿನ್ನಿನ ಎರಡು ವಾಲ್ವ್ ಇದ್ದವು. ಒಂದರ ಮೇಲೆ ಇದ್ದಿಲಿನಂಥ ಕರಿ ಗಟ್ಟಿಯಾಗಿ ಮೆತ್ತಿತ್ತು. ಇನ್ನೊಂದು ತೊಳೆದ ಚಮಚದ ಹಾಗೆ ಹೊಳೆಯುತ್ತಿತ್ತು. ಯಾರಾದರೂ ಔಷಧದಿಂದ ಏನಾಗುತ್ತದೆ ಎಂದು ಕೇಳಿದರೆ ಸಾಕು, ಎರಡನ್ನೂ ತೆಗೆದು ಅವರ ಕೈಗೆ ಕೊಡುತ್ತಿದ್ದರು. "ಬಚ್ಚಲ ಮೋರಿ ದಿನಾ ತಿಕ್ಕಿದ್ರ ಛಲೋ ಇರತೈತಿ. ಒಂದ ತಿಂಗಳು ಬಿಟ್ಟ ನೋಡ್ರಿ. ಎಂಜಿನ್ನೂ ಹಂಗ. ಇವತ್ತ ಹಾಕಲಿಲ್ಲಂದ್ರ ಇವತ್ತ ಏನೂ ಆಗೂದಿಲ್ಲ. ಅದಕ್ಕ ಮಂದಿಗೆ ಇದರ ಕಿಮ್ಮತ್ತು ತಿಳಿಯೂದಿಲ್ಲ." ಹೀಗೆ ಹೇಳುವಾಗ ಅವರ ಮುಖದಲ್ಲಿ ಸಾಲಿ ಮಾಸ್ತರರ ಕಳೆ ಬರುತ್ತಿತ್ತು.

ಒಮ್ಮೆ ಡಬ್ಬಿಗಳು ಬರುವುದು ತಡವಾಯಿತು. ಪೆಟ್ರೋಲ್ ಮಾತ್ರ ಬಂತು. ಮಾಲಕರು ಫೋನಿನಲ್ಲಿ, "ನೋಡಿದ್ರ ಒಂದ ಥರಾನ ಕಾಣತೈತಿ, ನಡಸ್ರಿ," ಎಂದರು. ಚಾಚಾ ಫೋನಿಟ್ಟು, ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಇಂದು ಔಷಧದ ಪೆಟ್ರೋಲ್ ಇಲ್ಲ, ಸಾದಾ ಮಾತ್ರ" ಎಂದು ಬರೆದು ಮುಂದೆ ತೂಗುಹಾಕಿದರು. ಸಂಜೆ ಮಾಲಕರು ಬಂದು ಅದನ್ನು ನೋಡಿ ಕೆಂಡವಾದರು. ಚಾಚಾ ತಲೆ ತಗ್ಗಿಸಿಯೇ ನಿಂತು, "ನಾ ಸಹಿ ಮಾಡಬೇಕಲ್ರಿ. ಹಾಕದ್ದಕ್ಕ ಹಾಕೇನಿ ಅಂತ ಹೆಂಗ ಮಾಡ್ಲಿ?" ಎಂದರು. ಮಾಲಕರು ಬೈದುಕೊಳ್ಳುತ್ತ ಕಾರು ಹತ್ತಿದರು. ರಟ್ಟು ಮೂರು ದಿನ ಅಲ್ಲೇ ತೂಗಿತು. ನಮ್ಮ ಕಡೆಯ ಗಾಡಿಗಳವರು ಹತ್ತಿರದ ಪಂಪು ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದದ್ದು ಇಂಥ ಕಾರಣಕ್ಕೆ. ಗುತ್ತಲದಿಂದ ಹಳೆಯ ಸ್ಕೂಟರಿನಲ್ಲಿ ಬರುತ್ತಿದ್ದ ಮಾಸ್ತರರೊಬ್ಬರು, ಚಾಚಾ ರಜೆಯಲ್ಲಿದ್ದರೆ ಪೆಟ್ರೋಲ್ ಹಾಕಿಸದೆ ಹಾಗೇ ಹೋಗುತ್ತಿದ್ದರು.

ಪಂಪಿನಲ್ಲಿ ಮೊದಲಿನಿಂದ ಒಂದು ರೂಢಿಯಿತ್ತು. ಟ್ಯಾಂಕರ್ ಖಾಲಿ ಮಾಡಿಸಿದ ಮೇಲೆ ಕೈಯೆಲ್ಲ ಪೆಟ್ರೋಲ್ ಆಗುತ್ತದೆ, ರಜಿಸ್ಟರಿನ ಹಾಳೆ ಕಲೆಯಾಗುತ್ತದೆ, ಶಾಯಿ ಹರಡುತ್ತದೆ. ಹಾಗಾಗಿ ಕೈ ಒಣಗಿದ್ದಾಗಲೇ "ಔಷಧ ಸುರಿಯಲಾಗಿದೆ, ಟ್ಯಾಂಕರ್ ಇಳಿಸಲಾಗಿದೆ" ಎಂದು ಬರೆದಿಟ್ಟು ಆಮೇಲೆ ಕೆಲಸಕ್ಕೆ ಇಳಿಯುವುದು. ನನಗಿಂತ ಮೊದಲಿದ್ದ ಕಾರಕೂನರೆಲ್ಲ ಹಾಗೇ ಮಾಡುತ್ತಿದ್ದರಂತೆ. ಚಾಚಾಗೆ ಇದು ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. "ಮೊದಲ ಕೆಲಸಾ ಮಾಡು, ಕೈ ತೊಳಕೊ, ಆಮ್ಯಾಲ ಪೆನ್ನು ಹಿಡಿ," ಎನ್ನುತ್ತಿದ್ದರು. ಅವರೆದುರು ಹಾಗೇ ಮಾಡುತ್ತಿದ್ದೆ. ಅವರಿಲ್ಲದಾಗ ರೂಢಿಯೇ ಸಲೀಸು ಅನ್ನಿಸುತ್ತಿತ್ತು.

ಅವತ್ತು ಶುಕ್ರವಾರ. ಚಾಚಾ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು. ಅವರು ಹೋಗಿ ಸ್ವಲ್ಪ ಹೊತ್ತಿಗೆ ಟ್ಯಾಂಕರ್ ಬಂತು. ಅವರು ಬರುವತನಕ ಕಾಯಬಹುದಿತ್ತು. ಆದರೆ ನಾನು ಎಲ್ಲ ಕಲಿತವಳಲ್ಲವೇ! ಔಷಧದ ಡಬ್ಬಿ ತಂದು ಬಾಗಿಲ ಹತ್ತಿರ ಇಟ್ಟೆ. ಒಣ ಕೈಯಲ್ಲಿ ರಜಿಸ್ಟರ್ ಬರೆದೆ. ಅಷ್ಟರಲ್ಲಿ ಕಾರಿನವನೊಬ್ಬ ಬಂದು, ನಿಮ್ಮ ಪೆಟ್ರೋಲಿನಲ್ಲಿ ಕಲಬೆರಕೆ ಇದೆ, ನಿನ್ನೆ ಇಲ್ಲೇ ಹಾಕಿಸಿಕೊಂಡು ಹೋಗಿದ್ದೆ, ಇವತ್ತು ನನ್ನ ಗಾಡಿ ಕುಮಾರಪಟ್ಟಣದಿಂದ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ಸಲ ನಿಂತಿದೆ ಎಂದು ಗಂಟಲು ಹರಿದುಕೊಳ್ಳತೊಡಗಿದ. ಸುತ್ತ ಮಂದಿ ಸೇರಿದರು.

ನನಗೆ ಹುರುಪು ಬಂತು. ಚಾಚಾ ಕಲಿಸಿಕೊಟ್ಟ ಹಾಗೆ ಬಿಳಿಯ ಫಿಲ್ಟರ್ ಕಾಗದ ತಂದೆ. ಪೈಪಿನ ತುದಿ ಒರೆಸಿ ಒಂದು ಹನಿ ಬಿಟ್ಟೆ. ಶುದ್ಧ ಪೆಟ್ರೋಲ್ ಆದರೆ ಹನಿ ಕಲೆ ಬಿಡದೆ ಆರಿಹೋಗುತ್ತದೆ. ಆರಿತು. ಅವನು ಒಪ್ಪಲಿಲ್ಲ. ಮತ್ತೊಂದು ಕಾಗದ, ಮತ್ತೊಂದು ಹನಿ. ಆಮೇಲೆ ಅವನ ಗಾಡಿಯ ಬಾನೆಟ್ ತೆಗೆಸಿ, ಗಾಳಿ ಹೋಗುವ ಜಾಳಿಗೆಯಲ್ಲಿ ಧೂಳು ಗಟ್ಟಿಯಾಗಿ ಕೂತದ್ದನ್ನು ಎಲ್ಲರಿಗೂ ತೋರಿಸಿದೆ. ನಿಂತವರು ನಕ್ಕರು, ಒಬ್ಬಿಬ್ಬರು ಚಪ್ಪಾಳೆ ಹೊಡೆದರು. ಇಷ್ಟರಲ್ಲಿ ಟ್ಯಾಂಕರಿನ ಡ್ರೈವರ್ ಒಳಗೆ ಇಣುಕಿ, ರಜಿಸ್ಟರಿನಲ್ಲಿ ನನ್ನ ಬರಹ ನೋಡಿ, ಔಷಧ ಬಿದ್ದಿದೆ ಎಂದುಕೊಂಡು ಪೈಪು ಜೋಡಿಸಿ ಪೂರ್ತಿ ಖಾಲಿ ಮಾಡಿ ಹೋಗಿದ್ದ.

ಚಾಚಾ ಬಂದಾಗ ಆ ಕಾರಿನವನೇ ಎದುರಾಗಿ, "ನಿಮ್ಮ ಮೇಡಂ ಭಾಳ ಶಾಣ್ಯಾ ಅದಾರ್ರಿ," ಎಂದು ಹೇಳಿ ಹೋದ. ಚಾಚಾನ ಮುಖ ಅರಳಿತು. ಕೈಕಾಲು ತೊಳೆದ ನೀರು ಇನ್ನೂ ಗಡ್ಡದಲ್ಲಿತ್ತು. ಟೋಪಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತ ರಜಿಸ್ಟರ್ ಎಳೆದುಕೊಂಡರು. "ಟ್ಯಾಂಕರ್ ಬಂದಿತ್ತೇನ? ಸಬಕಾರ ಆತೇನ ಬೇಟಿ?" ಎಂದು ಕೇಳಿದರು.

ಆಗ ನನ್ನ ಕಣ್ಣು ಬಾಗಿಲ ಬುಡದ ಡಬ್ಬಿಯ ಮೇಲೆ ಬಿತ್ತು. ಸೀಲು ಹಾಗೇ ಇತ್ತು.

"ಆತ್ರಿ ಚಾಚಾ," ಎಂದೆ.

ಈ ಎರಡು ಶಬ್ದಗಳನ್ನು ನಾನು ಸಾವಿರ ಸಲ ಮರಳಿ ಆಡಿಕೊಂಡಿದ್ದೇನೆ. ಹೆದರಿಕೆಯಿಂದ ಆಡಿದ್ದಲ್ಲ. ಅವರ ಮುಖದಲ್ಲಿದ್ದ ಆ ಹೆಮ್ಮೆ ಆ ಕ್ಷಣಕ್ಕೆ ಹೋಗುವುದು ನನಗೆ ಬೇಕಿರಲಿಲ್ಲ, ಅಷ್ಟೆ. ಅವರು ಸಹಿ ಮಾಡಿದರು. ನಾನು ಡಬ್ಬಿಯನ್ನು ಕಾಲಿನಿಂದ ಟೇಬಲ್ಲಿನ ಕೆಳಗೆ ಸರಿಸಿದೆ, ಆಮೇಲೆ ಹಿಂದಿನ ಕೋಣೆಯ ಖಾಲಿ ಡಬ್ಬಿಗಳ ಸಾಲಿನ ಹಿಂದೆ ಇಟ್ಟೆ. ಮುಂದಿನ ಟ್ಯಾಂಕರಿಗೆ ಎರಡು ಡಬ್ಬಿ ಸುರಿದರಾಯಿತು ಎಂದು ನನಗೆ ನಾನೇ ಒಂದು ನಿಯಮ ಮಾಡಿಕೊಂಡೆ.

ಮುಂದಿನ ಟ್ಯಾಂಕರ್ ಬರುವ ಮೊದಲೇ ತಪಾಸಣೆಯವರು ಬಂದರು. ಜೀಪಿನಿಂದ ಇಬ್ಬರು ಇಳಿದು ಪೆಟ್ರೋಲಿನ ಮಾದರಿ ಬಾಟಲಿಗಳಲ್ಲಿ ಹಿಡಿದರು. ಹಿಂದಿನ ಕೋಣೆಗೂ ಹೋದರು. ಅವರಲ್ಲಿ ಹಿರಿಯ ಅಧಿಕಾರಿ ಸೀಲು ಒಡೆಯದ ಡಬ್ಬಿಯನ್ನು ಹಿಡಿದು ತಂದು ಟೇಬಲ್ಲಿನ ಮೇಲೆ ಇಟ್ಟು, ಅದರ ಮೇಲಿನ ನಂಬರನ್ನೂ ರಜಿಸ್ಟರಿನ ನಂಬರನ್ನೂ ತಾಳೆ ನೋಡಿದರು. ಎರಡೂ ಒಂದೇ.

"ಇದನ್ನ ಸುರಿದೀವಿ ಅಂತ ಬರದೈತಿ. ಇದು ಇಲ್ಲೇ ಐತಿ. ಯಾರು ಬರದದ್ದು ಇದನ್ನ?" ಎಂದು ಕೇಳಿದರು.

ಚಾಚಾ ಡಬ್ಬಿಯನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಬಹಳ ಹೊತ್ತಲ್ಲ. ಅಷ್ಟರಲ್ಲಿ ಅವರಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ಪೆನ್ನು ನನ್ನ ಕೈಯಲ್ಲೇ ಇತ್ತು.

"ಸಹಿ ನಂದ್ರಿ ಸಾಹೇಬ್ರ," ಎಂದರು.

"ಬರದವರು ಯಾರಂತ ಕೇಳಿದೆ."

"ಬರದವರನ್ನ ತಗೊಂಡ ಏನ ಮಾಡತೀರಿ? ನಿಂತು ಹಾಕಿಸೂದು ಮ್ಯಾನೇಜರನ ಕೆಲಸ ಅಂತ ನಿಮ್ಮ ಹಾಳ್ಯಾಗ ಐತಿ. ನಾ ನಿಂತಿದ್ದಿಲ್ಲ. ನೋಡದ ಸಹಿ ಮಾಡೇನಿ. ತಪ್ಪು ನಂದು."

ಅವರು ಸುಳ್ಳು ಹೇಳಲಿಲ್ಲ. ಆಡಿದ ಪ್ರತಿ ಮಾತೂ ಖರೆ. ನಾನು ಬಾಯಿ ತೆರೆದಿದ್ದರೆ ಇನ್ನೂ ಖರೆಯಾಗುತ್ತಿತ್ತು. ನಾನು ತೆರೆಯಲಿಲ್ಲ.

ಪಂಪಿಗೆ ನೋಟಿಸು ಬಂತು. ರಟ್ಟಿನ ಬೋರ್ಡಿನ ಸಿಟ್ಟು ಮಾಲಕರಲ್ಲಿ ಇನ್ನೂ ಇತ್ತು. "ಭಾಳ ಸಾಚಾ ಅಂತ ಮೆರೀತಿದ್ರಲ್ಲಾ ಚಾಚಾ!" ಎಂದು ಎಲ್ಲರ ಮುಂದೆ ಅಂದರು. ವಾರದ ಕಡೆಗೆ ಕೆಲಸದಿಂದ ತೆಗೆದರು. ಆ ವಾರವೆಲ್ಲ ಚಾಚಾ ನನ್ನೊಡನೆ ಮಾತಾಡಲಿಲ್ಲ. ಅವರು ದೇವರಂಥ ಮನುಷ್ಯ ಎಂದು ಬರೆದುಬಿಡುವುದು ನನಗೆ ಸುಲಭ, ಆದರೆ ಅವರಿಗೆ ಸಿಟ್ಟಿತ್ತು, ನೋವಿತ್ತು. ಕಡೆಯ ದಿನ ನಾನೇ ಎದುರು ಹೋಗಿ ನಿಂತೆ.

"ಮರತದ್ದಕ್ಕ ನಂಗ ಸಿಟ್ಟಿಲ್ಲ," ಎಂದರು. "ನಾನೂ ಮರತೇನಿ ಎಷ್ಟೋ ಸಲ. ಕೇಳಿದಾಗ ಆಗಿಲ್ಲ ಅಂತ ಹೇಳಬೇಕಿತ್ತು. ಅವತ್ತ ರಟ್ಟ ಬರದು ಹಾಕತಿದ್ವಿ, ಮುಗೀತಿತ್ತು."

"ನಾ ಮಾಲಕರಿಗೆ ಹೇಳ್ತೀನ್ರಿ ಚಾಚಾ. ಈಗ ಹೋಗಿ ಹೇಳ್ತೀನಿ."

ಅವರು ನನ್ನ ಕಡೆ ತಿರುಗಿ, "ಮಗಳು ಎಷ್ಟನೇತ್ತಾ?" ಎಂದು ಕೇಳಿದರು.

"ಮೂರನೇತ್ತಾ."

"ಮೂರನೇತ್ತಾ..." ಎಂದು ತಾವೂ ಒಮ್ಮೆ ಅಂದುಕೊಂಡರು. "ಹಂಗಾರ ಸುಮ್ನಿರು."

ಸುಮ್ಮನಿರು ಎಂದು ಅವರು ಅಂದದ್ದನ್ನು ನಾನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡೆನೆಂದರೆ, ಒಂಬತ್ತು ವರ್ಷ ಸುಮ್ಮನಿದ್ದೆ. ಮಗಳು ಐದನೇ ತರಗತಿ ಮುಗಿಸಲಿ, ಆಮೇಲೆ ಹೇಳೋಣ ಎಂದುಕೊಂಡೆ. ಏಳು ಮುಗಿಸಲಿ. ಹತ್ತು ಮುಗಿಸಲಿ. ಅಷ್ಟರಲ್ಲಿ ನನ್ನನ್ನೇ ಮ್ಯಾನೇಜರ್ ಮಾಡಿದರು. ಅತ್ತಿಗೆಯ ಪಾತ್ರೆಗಳ ಸಪ್ಪಳದಿಂದ ದೂರ ಬೇರೆ ಮನೆ ಹಿಡಿದೆ. ನಾನು ತಲೆಯೆತ್ತಿ ನಡೆದ ಆ ವರ್ಷಗಳೆಲ್ಲ ಅವರು ಕೊಟ್ಟದ್ದು.

ನಡುವೆ ಒಂದು ಸಲ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಬಿಡಿಭಾಗದ ಅಂಗಡಿಯೊಂದರಲ್ಲಿ ಕುಳಿತುಕೊಳ್ಳುತ್ತೇನೆ ಎಂದರು. ಬಹಳ ಬಡವಾಗಿದ್ದರು. ಮಗಳ ಸುದ್ದಿ ಕೇಳಿದರು. ನನ್ನ ಸುದ್ದಿ ಕೇಳಲಿಲ್ಲ, ಡೆನ್ಸಿಟಿಯದು ಕೇಳಿದರು. "ದಿನಾ ನೋಡತೀಯೇನ?" "ನೋಡತೀನ್ರಿ." "ನೋಡಿ ಬರೀತೀಯೇನ?" "ನೋಡೇ ಬರೀತೀನ್ರಿ ಚಾಚಾ." "ಛಲೋ ಆತು," ಎಂದರು. ಆಗ ಪಕ್ಕದ ಟೆಂಪೋದಿಂದ ಗುರುತಿನ ಡ್ರೈವರ್ ಒಬ್ಬ, "ಏನ ಚಾಚಾ, ಔಷಧ ಹಾಕದ ಮಾರಿದ್ದು ಸಾಕಾತೇನ?" ಎಂದು ಕೂಗಿ ಹಲ್ಲು ಕಿರಿದ. ಚಾಚಾ ನಗಲು ನೋಡಿದರು, ಆಗಲಿಲ್ಲ. ನಾನು ಅಲ್ಲೇ ಒಂದು ಮಾರು ದೂರದಲ್ಲಿದ್ದೆ. ಆಗಲೂ ನನ್ನ ಬಾಯಿಂದ ಮಾತು ಬರಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ.

ಹೋದ ತಿಂಗಳು ಟ್ಯಾಂಕರಿನ ಡ್ರೈವರ್ ಇಳಿಯುತ್ತಲೇ, ಚಾಚಾ ತೀರಿಕೊಂಡು ನಾಲ್ಕು ದಿನವಾಯಿತು ಎಂದು ಹೇಳಿದ. ನಿದ್ದೆಯಲ್ಲೇ ಹೋದರಂತೆ. ನಾನು ಆ ದಿನ ಪಂಪು ಬೇರೆಯವರಿಗೆ ಒಪ್ಪಿಸಿ ರಾಣೆಬೆನ್ನೂರಿಗೆ ಹೋದೆ. ಅವರ ಓಣಿ ಕೇಳಿಕೊಂಡು ಹೋಗಬೇಕಾಯಿತು. ಇಷ್ಟು ವರ್ಷ ಒಮ್ಮೆಯೂ ಆ ಮನೆಗೆ ಹೋಗಿರಲಿಲ್ಲ.

ಚಾಚಿ ಗೋಡೆಗೆ ಒರಗಿ ಕುಳಿತಿದ್ದರು. ಗಂಡನ ಮನೆಯಿಂದ ಬಂದಿದ್ದ ಮಗಳು ನನಗೆ ಚಾಪೆ ಹಾಸಿ ನೀರು ಕೊಟ್ಟಳು. ಪಂಪಿನಿಂದ ಬಂದಿದ್ದೇನೆ ಎಂದೆ. ಚಾಚಿ ನನ್ನ ಕೈ ಹಿಡಿದುಕೊಂಡರು.

"ನೀವ ಏನವ್ವಾ ಅದು? ಭಾಳ ಹೇಳತಿದ್ರು ನಿಮ್ಮ ಸುದ್ದಿ. ನಾ ಹಾಕಿಕೊಟ್ಟಂಗ ನಡಸಾಕತ್ತಾಳ, ಒಂದ ದಿನಾನೂ ತಪ್ಪಿಸಿಲ್ಲ ಅಂತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಆದ್ರ ಅವರ ಕೈಲೆ ಒಂದ ತಪ್ಪಾತು ನೋಡ್ರಿ. ಅದರಾಗ ಸೊರಗಿದ್ರು. ಅಲ್ಲಿಂದ ಮುಂದ ಎದಕ್ಕೂ ಸಹಿ ಮಾಡಲಿಲ್ಲ ಅವರು. ಬ್ಯಾಂಕಿಂದು, ಮನಿ ಕಾಗದ, ಎಲ್ಲಾ ನನ್ನ ಕೈಲೆ. ಈಕಿ ನಿಕಾಹದಾಗ ಅಪ್ಪ ಸಹಿ ಮಾಡಬೇಕಲ್ಲ, ಮಂದಿ ಎಲ್ಲಾ ಕುಂತಾರ, ಖಾಜಿಯವರು ಪೆನ್ನು ಹಿಡದಾರ. 'ನನ್ನ ಸಹಿ ಒಮ್ಮೆ ಸುಳ್ಳಾಗೇತಿ, ನನ್ನ ಮಗಳ ಕಾಗದದ ಮ್ಯಾಲ ಅದು ಬ್ಯಾಡ' ಅಂತ ಎದ್ದ ಹೋದ್ರು. ನನ್ನ ತಮ್ಮನ ಕೈಲೆ ಮಾಡಸಿದ್ವಿ."

ಅವರು ಮನೆಯಲ್ಲೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೆ, ಹೆತ್ತ ಮಗಳಿಗೆ ಕೂಡ ನನ್ನ ಹೆಸರು ಬಿಟ್ಟುಕೊಡದೆ ಹೋಗಿದ್ದರು.

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಬರೆದವಳು ನಾನು, ಡಬ್ಬಿ ಮುಚ್ಚಿಟ್ಟವಳು ನಾನು, ಕೇಳಿದಾಗ ಆಯಿತು ಎಂದವಳು ನಾನು, ನನ್ನ ಮಾತು ನಂಬಿ ಅವರು ಸಹಿ ಮಾಡಿದರು ಎಂದೆ. ನಾಳೆ ಮಾಲಕರಿಗೂ ಹೇಳುತ್ತೇನೆ ಎಂದೆ. ಅಳುತ್ತ ಹೇಳಿದೆನೋ, ಹೇಳಿ ಅತ್ತೆನೋ ನೆನಪಿಲ್ಲ. ಚಾಚಿ ಹಿಡಿದಿದ್ದ ನನ್ನ ಕೈಯನ್ನು ಬಿಡಲಿಲ್ಲ, ಆದರೆ ಅವರ ಹಿಡಿತ ಸಡಿಲಾದದ್ದು ನನಗೆ ಗೊತ್ತಾಯಿತು.

ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಮಗಳು ನನ್ನನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು.

"ನನ್ನ ನಿಕಾಹಕ್ಕಿಂತ ಮೊದಲ ಒಂದ ಸಲ ಬಂದ ಹೇಳಬಾರದಾಗಿತ್ತೇನ್ರೀ?"